ಅವತ್ತು ಪ್ರಾರ್ಥನೆ ಯಾಕೆ ಉದ್ದ ಆಯ್ತು ಅಂತ ಬರೀರಿ

ಬ್ರದರ್, ವಂದನೆಗಳು. ನೀವು ಕಳಿಸಿದ "ದೇವಭಯ ಮತ್ತು ವಿಧೇಯತೆ" ಲೇಖನ ಎರಡು ಸಲ ಓದಿದೆ. ಈಗಿರೋ ಹಾಗೆ ನಮ್ಮ ಪತ್ರಿಕೆಗೆ ಹಾಕೋಕಾಗಲ್ಲ. ಬೇಜಾರ್ ಮಾಡ್ಕೊಂಡು ಇಲ್ಲಿಗೇ ನಿಲ್ಲಿಸ್ಬೇಡಿ, ಯಾಕಂದ್ರೆ ಇದರೊಳಗೆ ಒಂದು ಒಳ್ಳೆ ಲೇಖನ ಇದೆ, ನೀವೇ ಅದನ್ನ ಹೂತಿಟ್ಟಿದ್ದೀರ.

ಮೊದಲ ಎರಡು ಪುಟ ತುಂಬಾ "ಭಯಭಕ್ತಿಯಿಂದ ನಡೆಯಬೇಕು", "ಸಂಪೂರ್ಣವಾಗಿ ಒಪ್ಪಿಸಿಕೊಡಬೇಕು", "ವಿಧೇಯರಾಗಿರಬೇಕು". ಬೇಕು ಅನ್ನೋದನ್ನ ಎಣಿಸಿದೆ, 31 ಸಲ ಇದೆ. ನಿಮ್ಮನ್ನ ಓದೋರು ಇದನ್ನ ಪ್ರತಿ ಭಾನುವಾರ ಕೇಳಿಸ್ಕೊಂಡೇ ಬಂದಿರ್ತಾರೆ. ಬೈಬಲ್ ವಚನ ಜಾಸ್ತಿ ಇರೋದು ತಪ್ಪಲ್ಲ, ಆದ್ರೆ ಯಾವ ವಚನದ ಹತ್ರಾನೂ ನೀವು ನಿಂತಿಲ್ಲ, ಓಡೋ ಬಸ್ಸಲ್ಲಿ ಕೂತು ಬೋರ್ಡ್ ಓದಿದ ಹಾಗಿದೆ.

ಆಮೇಲೆ ಮೂರನೇ ಪುಟದಲ್ಲಿ, ಪ್ಯಾರಾ ಮಧ್ಯದಲ್ಲಿ ಈ ಸಾಲು: "ಅಣ್ಣನಿಗೆ ಫೋನ್ ಮಾಡಿ ಕ್ಷಮೆ ಕೇಳಬೇಕು ಅಂತ ಗೊತ್ತಿತ್ತು, ಅದಕ್ಕೇ ಅವತ್ತು ಪ್ರಾರ್ಥನೆ ಉದ್ದ ಮಾಡಿದೆ." ಓದಿ ಎದ್ದು ಕೂತೆ. ಆ "ಅದಕ್ಕೇ" ಇದ್ಯಲ್ಲ, ಇಡೀ ಲೇಖನ ಅದರಲ್ಲೇ ಇದೆ. ಆದ್ರೆ ನೀವು ಏನ್ಮಾಡಿದ್ರಿ, ಮುಂದಿನ ಸಾಲಲ್ಲೇ "ಹೀಗೆ ನಾವು ಅನೇಕ ಬಾರಿ" ಅಂತ ಶುರು ಮಾಡಿ, "ನಾನು" ಅನ್ನೋದನ್ನ "ನಾವು" ಹಿಂದೆ ಬಚ್ಚಿಟ್ಟು ಉಪದೇಶಕ್ಕೆ ಹೋಗ್ಬಿಟ್ರಿ.

ಇಸ್ರಾಯೇಲಿನ ಮೊದಲ ರಾಜ ಸೌಲನಿಗೆ ಎರಡೇ ಸಾಲು ಕೊಟ್ಟಿದ್ದೀರ, ಅವಿಧೇಯನಾದ, ರಾಜ್ಯ ಕಳ್ಕೊಂಡ ಅಂತ. 1 ಸಮುವೇಲ 15 ಇನ್ನೊಂದ್ಸಲ ನಿಧಾನಕ್ಕೆ ಓದಿ ನೋಡಿ. ಶತ್ರುಗಳಾದ ಅಮಾಲೇಕ್ಯರದ್ದು ದನಕುರಿ ಸಮೇತ ಏನೂ ಉಳಿಸಬೇಡ ಅಂತ ಅವನಿಗೆ ಅಪ್ಪಣೆ ಆಗಿತ್ತು. ಪ್ರವಾದಿ ಸಮುವೇಲ ಹತ್ರ ಬಂದಾಗ ಅವನು, ಕರ್ತನ ಅಪ್ಪಣೆ ಪೂರೈಸಿದ್ದೀನಿ ಅಂತಾನೆ, ಖುಷಿಯಾಗೇ. ಸಮುವೇಲ ಕೇಳ್ತಾನೆ, ಹಾಗಾದ್ರೆ ನನ್ನ ಕಿವಿಗೆ ಬೀಳ್ತಿರೋ ಈ ಕುರಿ ಕೂಗು, ದನದ ಕೂಗು ಏನಪ್ಪಾ. ಸೌಲನ ಉತ್ತರ, ನಿನ್ನ ದೇವರಿಗೆ ಯಜ್ಞ ಮಾಡೋಕೆ ಅಂತ ಜನ ಒಳ್ಳೊಳ್ಳೆದನ್ನ ಉಳಿಸ್ಕೊಂಡ್ರು. ಆಗಲ್ಲ ಅಂತ ಅವನು ಹೇಳಲೇ ಇಲ್ಲ, ಆರಾಧನೆಯನ್ನೇ ಅಡ್ಡ ಇಟ್ಟ. "ನಿನ್ನ ದೇವರು" ಅಂತಾನೆ ನೋಡಿ, ನನ್ನ ದೇವರು ಅನ್ನಲ್ಲ. ಆ ಕುರಿಗೂ ನಿಮ್ಮ ಉದ್ದ ಪ್ರಾರ್ಥನೆಗೂ ಏನಾದ್ರೂ ವ್ಯತ್ಯಾಸ ಇದ್ಯಾ? ಮತ್ತಾಯ 5:23-24ರಲ್ಲಿ ಯೇಸು ಹೇಳೋದೂ ಇದೇ, ಕಾಣಿಕೆ ಅಲ್ಲೇ ಯಜ್ಞವೇದಿ ಮುಂದೆ ಬಿಟ್ಟು ಮೊದಲು ಹೋಗಿ ಸಹೋದರನ ಜೊತೆ ಸರಿ ಮಾಡ್ಕೋ ಅಂತ. ನಿಮ್ಮ ಲೇಖನದ ಇಪ್ಪತ್ತು ಚಿಲ್ಲರೆ ವಚನದಲ್ಲಿ ಇದೊಂದೇ ಇಲ್ಲ!

ಇನ್ನೊಂದು, ನೀವು "ವಿಧೇಯತೆ" ಅನ್ನೋ ಪದದ ಜೊತೆ ಗುದ್ದಾಡಿದ್ದೀರ. ನಮ್ಮಲ್ಲಿ ಸುಲಭದ ಮಾತಿದೆ, ಮಾತು ಕೇಳೋದು. ಕಿವಿಗೆ ಬೀಳೋದೂ ಕೇಳೋದೇ, ಹೇಳಿದ ಹಾಗೆ ನಡೆಯೋದೂ ಕೇಳೋದೇ. ಹಳೆ ಒಡಂಬಡಿಕೆಯ ಮೂಲ ಭಾಷೆ ಇಬ್ರಿಯದ "ಶಾಮಾ" ಕೂಡ ಹಾಗೇ. ಸೌಲನ ಅದೇ ಅಧ್ಯಾಯದಲ್ಲಿ ಸಮುವೇಲ ದನದ ಕೂಗು ಕೇಳ್ತಿದೆ ಅನ್ನೋದಕ್ಕೂ, ಯಜ್ಞಕ್ಕಿಂತ ಮಾತು ಕೇಳೋದು ಉತ್ತಮ ಅನ್ನೋದಕ್ಕೂ ಮೂಲದಲ್ಲಿ ಒಂದೇ ಕ್ರಿಯಾಪದ. ಕನ್ನಡದಲ್ಲಿ ಬರೆಯೋರಿಗೆ ಇದು ಪುಕ್ಕಟೆ ಸಿಕ್ಕಿರೋ ಸಂಪತ್ತು, ಬಳಸ್ಕೊಳ್ಳಿ.

ಭಯದ ವಿಷ್ಯ ಗೋಜಲಾಗಿದೆ. ಒಂದು ಪ್ಯಾರಾದಲ್ಲಿ ನಡುಗಬೇಕು ಅಂತೀರ, ಮುಂದಿನದ್ರಲ್ಲಿ 1 ಯೋಹಾನ 4:18 ತಂದು ಪ್ರೀತಿ ಇದ್ದಲ್ಲಿ ಹೆದರಿಕೆ ಇಲ್ಲ ಅಂತೀರ, ಎರಡನ್ನೂ ಹಾಗೇ ಬಿಟ್ಟು ಮುಂದೆ ಹೋಗ್ತೀರ. ವಿಮೋಚನಕಾಂಡ 20:20 ನೋಡಿ, ಸೀನಾಯಿ ಬೆಟ್ಟದ ಗುಡುಗು ಮಿಂಚು ಹೊಗೆ ನೋಡಿ ಜನ ದೂರ ನಿಂತಾಗ ಮೋಶೆ ಒಂದೇ ಉಸಿರಲ್ಲಿ, ಹೆದರಬೇಡಿ, ತನ್ನ ಭಯ ನಿಮ್ಮಲ್ಲಿರಲಿ ಅಂತ ದೇವರು ಬಂದಿದ್ದಾನೆ ಅಂತಾನೆ. ಒಂದು ಭಯ ದೂರ ಓಡಿಸುತ್ತೆ, ಇನ್ನೊಂದು ಪಾಪ ಮಾಡದ ಹಾಗೆ ಹಿಡಿದು ನಿಲ್ಲಿಸುತ್ತೆ. ಅದೇ ಪುಸ್ತಕದ ಮೊದಲ ಅಧ್ಯಾಯದ ಸೂಲಗಿತ್ತಿಯರು ದೇವರಿಗೆ ಹೆದರಿದ್ದಕ್ಕೇ ಗಂಡುಕೂಸುಗಳನ್ನ ಕೊಲ್ಲಿ ಅಂದ ಐಗುಪ್ತದ ರಾಜ ಫರೋಹನ ಮಾತು ಕೇಳಲಿಲ್ಲ, ಕೂಸುಗಳನ್ನ ಉಳಿಸಿದ್ರು. ಹೆದರಿಕೊಂಡವರು ರಾಜನ ಎದುರು ಧೈರ್ಯವಾಗಿದ್ರು ಅನ್ನೋದನ್ನ ಬರೀರಿ ಮಾರಾಯ್ರೆ, ಎಷ್ಟು ಚೆನ್ನಾಗಿರುತ್ತೆ.

"ಪ್ರಶ್ನೆ ಕೇಳುವುದೇ ಅವಿಧೇಯತೆ" ಅನ್ನೋ ಸಾಲು ತೆಗೀಲೇಬೇಕು, ಇದರಲ್ಲಿ ಚೌಕಾಸಿ ಇಲ್ಲ. ಚೌಕಾಸಿ ಅಂದ ಮೇಲೆ ನೆನಪಾಯ್ತು, ಮರುಮಾತಾಡದೆ ಹೊರಟ ಅಂತ ನೀವು ಹೊಗಳೋ ಅಬ್ರಹಾಮನೇ ಆದಿಕಾಂಡ 18ರಲ್ಲಿ ಸೊದೋಮ್ ಪಟ್ಟಣ ಉಳಿಸೋಕೋಸ್ಕರ, ಅಲ್ಲಿ ಇಷ್ಟು ನೀತಿವಂತರಿದ್ರೆ ನಾಶ ಮಾಡಬೇಡ ಅಂತ, 50ರಿಂದ 10ರ ತನಕ ದೇವರ ಹತ್ರ ಇಳಿಸ್ತಾ ಹೋಗ್ತಾನೆ. ಶಿಲುಬೆಗೆ ಮುಂಚೆ ಗೆತ್ಸೇಮನೆಯಲ್ಲಿ ಯೇಸು, ಸಾಧ್ಯವಾದ್ರೆ ಈ ಕಷ್ಟ ತಪ್ಪಲಿ ಅಂತ ಒಂದೇ ಪ್ರಾರ್ಥನೆ ಮೂರು ಸಲ ಮಾಡ್ತಾನೆ. ನಿಮ್ಮಂಥ ಸಾಲುಗಳನ್ನ ಹಿಡ್ಕೊಂಡು ದೇವರ ಬದಲು ತಮ್ಮ ಮಾತು ಕೇಳಿಸ್ಕೊಳ್ಳೋ ನಾಯಕರನ್ನ ನಾನು ನೋಡಿದ್ದೀನಿ, ಅವರ ಕೈಗೆ ಇನ್ನೊಂದು ಕೋಲು ಕೊಡೋದು ಬೇಡ.

ಉಜ್ಜನ ಪ್ಯಾರಾ ಬಿಟ್ಬಿಡಿ. ಮಂಜೂಷ, ಅಂದ್ರೆ ದೇವರ ಒಡಂಬಡಿಕೆಯ ಪೆಟ್ಟಿಗೆ, ಮುಟ್ಟಿದ, ಸತ್ತ, ಹುಷಾರು ಅಂತ ಹೆದರ್ಸೋಕೆ ಮಾತ್ರ ತಂದಿದ್ದೀರ. ಹೆಗಲ ಮೇಲೆ ಹೊರಬೇಕಾಗಿದ್ದನ್ನ ಶತ್ರುಗಳಾದ ಫಿಲಿಷ್ಟಿಯರ ಹಾಗೆ ಹೊಸ ಬಂಡಿಗೆ ಹಾಕಿದ್ರು ಅನ್ನೋದನ್ನೂ ಸೇರಿಸಿ ಬರೆಯೋ ಹಾಗಿದ್ರೆ ಅದು ಬೇರೆ ಲೇಖನಾನೇ ಆಗುತ್ತೆ.

ಸಾವಿರ ಪದದೊಳಗೆ ಮತ್ತೆ ಬರೆದು ಕಳಿಸಿ, ಫೋನಿನಿಂದಲೇ ಶುರು ಮಾಡಿ. ಒಂದು ಅನುಮಾನ ನನಗೆ ಉಳಿದಿದೆ, ಕೊನೆಗೆ ಅಣ್ಣನಿಗೆ ಫೋನ್ ಮಾಡಿದ್ರಾ? ಲೇಖನದಲ್ಲಿ ಎಲ್ಲೂ ಇಲ್ಲ. ಮಾಡಿಲ್ಲ ಅಂದ್ರೆ ಮಾಡಿಲ್ಲ ಅಂತಲೇ ಬರೀರಿ, ಹಾಗೇ ಹಾಕ್ತೀನಿ.