ಹೆಸರು ಕೇಳುವ ಬಗೆ

ಕಾರ್ಕಳದ ಓದುಗರೊಬ್ಬರ ಪತ್ರದ ಸಾರ ಹೀಗಿದೆ: ಕಾಲಿನ ಗಾಯಕ್ಕಾಗಿ ಅವರ ದೊಡ್ಡಮ್ಮನನ್ನು ಸರಕಾರಿ ಆಸ್ಪತ್ರೆಗೆ ಸೇರಿಸಿದ್ದರು. ಎರಡು ಹಾಸಿಗೆ ಆಚೆ ಅದೇ ಹೆಸರಿನ ಇನ್ನೊಬ್ಬ ಹೆಂಗಸು ಇದ್ದರು. ಆಕೆಗೆ ಕೊಡಬೇಕಾಗಿದ್ದ ಇನ್ಸುಲಿನ್ನನ್ನು ರಾತ್ರಿ ಪಾಳಿಯ ದಾದಿ ಇವರ ದೊಡ್ಡಮ್ಮನಿಗೆ ಚುಚ್ಚಿದರು. ಬೆವರಿ ಪ್ರಜ್ಞೆ ತಪ್ಪಿದವರಿಗೆ ಗ್ಲೂಕೋಸ್ ಕೊಟ್ಟು ಉಳಿಸಿಕೊಂಡದ್ದಾಯಿತು. ದಾದಿ ಅಮಾನತಾಗಿದ್ದಾರೆ. "ಅಷ್ಟು ಸಾಲದು. ಇಂಥವರನ್ನು ಜೈಲಿಗೆ ಕಳಿಸಬೇಕು, ವಾರ್ಡು ವಾರ್ಡಿಗೂ ಸಿಸಿ ಕ್ಯಾಮೆರಾ ಇಡಬೇಕು ಎಂದು ಬರೆಯುವ ಧೈರ್ಯ ನಿಮಗಿದೆಯೇ?" ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದು. ಕುಡಿದು ಡ್ಯೂಟಿಗೆ ಬರುವವರನ್ನು, ಕರೆದರೂ ಏಳದವರನ್ನು, ಹೆರಿಗೆ ವಾರ್ಡಿನ ಬಾಗಿಲಲ್ಲಿ ಕೈ ಚಾಚುವವರನ್ನು ಶಿಕ್ಷಿಸಲೇಬೇಕು. ಅದರಲ್ಲಿ ನನ್ನದು ಎರಡನೆಯ ಮಾತಿಲ್ಲ. ಬಡವರ ಪಾಲಿಗೆ ಪರಿಹಾರ ಕೇಳುವ ಬೇರೆ ದಾರಿಗಳೂ ಕಡಿಮೆ. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆ ಗ್ರಾಹಕ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 1995ರಲ್ಲಿಯೇ ಹೇಳಿಬಿಟ್ಟಿದೆ. ಇಷ್ಟನ್ನು ಒಪ್ಪಿಕೊಂಡ ಮೇಲೆ, ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಸಂಗತಿಯನ್ನು ಕೇಳಲು ಅಪ್ಪಣೆ ಕೊಡಿ. ಆ ರಾತ್ರಿ ಆ ವಾರ್ಡಿನಲ್ಲಿ ಎಷ್ಟು ರೋಗಿಗಳಿದ್ದರು, ಎಷ್ಟು ಮಂದಿ ದಾದಿಯರಿದ್ದರು? ಬೋಧಕ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬರು, ಉಳಿದ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬರು ದಾದಿ ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ರೋಗಿಯ ಜತೆ ಒಂದು ರಾತ್ರಿ ಕೂತು ಬಂದವರಿಗೆ ಇದು ಪುರಾಣದ ಕಥೆಯಂತೆ ಕೇಳಿಸುತ್ತದೆ. ಅಮಾನತಿನ ಮರುದಿನ ಆ ವಾರ್ಡಿನಲ್ಲಿ ಒಬ್ಬ ದಾದಿ ಕಡಿಮೆಯಾದರು. ಒಂದೇ ಹೆಸರಿನ ರೋಗಿಗಳೇನೂ ಕಡಿಮೆಯಾಗಲಿಲ್ಲ.

ನಾನು ಕೆಲಸ ಕಲಿತದ್ದು ಮಂಗಳೂರಿನ ಒಂದು ಹಳೆಯ ಅಚ್ಚುಕೂಟದಲ್ಲಿ, ಮೊಳೆ ಜೋಡಿಸುವ ಕಾಲದಲ್ಲಿ. ಅದರ ಮಾಲಕರು ನಿಮ್ಮಂತೆಯೇ ಶಿಸ್ತಿನವರು. ಅಚ್ಚಿನಲ್ಲಿ ಒಂದು ತಪ್ಪು ಕಂಡರೆ ಜೋಡಿಸಿದವನ ಸಂಬಳದಿಂದ ನಾಲ್ಕಾಣೆ ಮುರಿದುಕೊಳ್ಳುತ್ತಿದ್ದರು. ಮೂರು ತಿಂಗಳಲ್ಲಿ ಕರಡಚ್ಚಿನ ಹಾಳೆಗಳು ನಮ್ಮ ಮೇಜಿಗೆ ತಡವಾಗಿ ಬರತೊಡಗಿದವು, ಕೆಲವು ಬರಲೇ ಇಲ್ಲ. ತಪ್ಪನ್ನು ತಾವಾಗಿ ಬಂದು ತೋರಿಸುತ್ತಿದ್ದ ಹುಡುಗರು ಬಾಯಿ ಮುಚ್ಚಿಕೊಂಡರು, ಪತ್ರಿಕೆಯಲ್ಲಿ ತಪ್ಪುಗಳು ಮೊದಲಿಗಿಂತ ಹೆಚ್ಚಾದವು. ಆಮೇಲೆ ಬಂದ ಫೋರ್‌ಮನ್ ದಂಡವನ್ನು ನಿಲ್ಲಿಸಿ, ಒಬ್ಬನು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬನು ಕರಡಿನ ಮೇಲೆ ಕಣ್ಣಿಟ್ಟಿರಬೇಕು ಎಂಬ ಪದ್ಧತಿ ತಂದರು. ಯಾರಿಗೂ ಅವಮಾನವಾಗಲಿಲ್ಲ, ತಪ್ಪುಗಳು ಕಡಿಮೆಯಾದವು. ಅಂದಿನಿಂದ ಗಟ್ಟಿಯಾಗಿ ಓದುವುದರ ಬಗ್ಗೆ ನನಗೊಂದು ಹುಚ್ಚಿದೆ ಎಂದು ಮನೆಯವರು ಆಡಿಕೊಳ್ಳುವುದುಂಟು.

ತಂದೆಯವರ ಕೊನೆಯ ದಿನಗಳಲ್ಲಿ ಅದೇ ಪದ್ಧತಿಯನ್ನು ನಾನು ಒಂದು ಸರಕಾರಿ ವಾರ್ಡಿನಲ್ಲಿ ಕಂಡೆ. ನಲವತ್ತಕ್ಕೂ ಮಿಕ್ಕಿದ ರೋಗಿಗಳಿಗೆ ರಾತ್ರಿ ಇದ್ದವರು ಒಬ್ಬರೇ ಸಿಸ್ಟರ್. ಡ್ರಿಪ್ ಬಾಟಲಿಗೆ ಲ್ಯೂಕೋಪ್ಲಾಸ್ಟಿನ ಒಂದು ಪಟ್ಟಿ ಅಂಟಿಸಿ, ಹಾಸಿಗೆಯ ಸಂಖ್ಯೆ, ಹೆಸರು, ಶುರು ಮಾಡಿದ ಹೊತ್ತು ಇಷ್ಟನ್ನೂ ಪೆನ್ನಿನಲ್ಲಿ ಬರೆಯುತ್ತಿದ್ದರು. ಸೂಜಿ ಹಿಡಿದು ಹಾಸಿಗೆಯ ಬಳಿ ಬಂದಾಗ "ಲೀಲಾ ಅತ್ತಾ?" (ಲೀಲಾ ಅಲ್ಲವೇ?) ಎಂದು ಅವರು ತುಳುವಿನಲ್ಲಿ ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ಅರೆನಿದ್ದೆಯಲ್ಲಿರುವ ಮುದುಕಿ, ಅದರಲ್ಲೂ ಬಿಳಿ ಬಟ್ಟೆಯವರೆಂದರೆ ಹೆದರುವ ಹಳ್ಳಿಯ ಮುದುಕಿ, ಏನು ಕೇಳಿದರೂ "ಅಂದ್" (ಹೌದು) ಎಂದೇ ಹೇಳುತ್ತಾಳೆ. ಆ ಸಿಸ್ಟರ್ ಕೇಳುತ್ತಿದ್ದದ್ದು "ಈರೆನ ಪುದರ್ ದಾದ?" (ನಿಮ್ಮ ಹೆಸರೇನು?) ಎಂದು. ಹೆಸರನ್ನು ರೋಗಿಯೇ ಹೇಳಬೇಕು, ಬಳಿಕ ಅಪ್ಪನ ಅಥವಾ ಗಂಡನ ಹೆಸರನ್ನೂ ಹೇಳಬೇಕು, ಅದು ಕೇಸ್ ಶೀಟಿಗೆ ಹೊಂದಿಕೆಯಾಗಬೇಕು. ಹೆಸರೊಂದನ್ನೇ ನಂಬದೆ ಕನಿಷ್ಠ ಎರಡು ಗುರುತು ನೋಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಸಲಹೆ ನೀಡಿದ್ದನ್ನು ನಾನು ಓದಿದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ. ಅದಕ್ಕೆ ತಗಲುವ ಖರ್ಚು ಕೈಗೆ ಕಟ್ಟುವ ಒಂದು ಪಟ್ಟಿ ಮತ್ತು ಅರ್ಧ ನಿಮಿಷ. ನಿಮ್ಮ ಸಿಸಿ ಕ್ಯಾಮೆರಾ ಏನು ಮಾಡುತ್ತಿತ್ತು? ಇನ್ಸುಲಿನ್ ತಪ್ಪಾದ ತೋಳಿಗೆ ಹೋದದ್ದನ್ನು ಸ್ಪಷ್ಟವಾಗಿ ಚಿತ್ರೀಕರಿಸುತ್ತಿತ್ತು.

ಇದು ಮುದಿ ಸಂಪಾದಕನೊಬ್ಬನ ಹಳಹಳಿಕೆಯೆಂದು ನೀವು ತಿಳಿಯಬಾರದು. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಅರಿವಳಿಕೆ ಕೊಡುವ ಮುನ್ನ, ಚರ್ಮ ಕೊಯ್ಯುವ ಮುನ್ನ, ರೋಗಿ ಕೊಠಡಿ ಬಿಡುವ ಮುನ್ನ ಮೂರು ಬಾರಿ ನಿಂತು, 19 ಅಂಶಗಳನ್ನು ಎಲ್ಲರಿಗೂ ಕೇಳುವಂತೆ ಓದಿ ಹೇಳುವ ಒಂದು ಹಾಳೆಯನ್ನು ಅದೇ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿತು. ದಿಲ್ಲಿ, ಮನಿಲಾ, ಲಂಡನ್ ಸೇರಿ 8 ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಪ್ರಯೋಗಿಸಿ 2009ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿದಿತ್ತು. ಹೊಸ ಯಂತ್ರವಿಲ್ಲ, ಹೊಸ ಔಷಧವಿಲ್ಲ. ರೋಗಿಯ ಹೆಸರೇನು, ಯಾವ ಬದಿಯ ಕಾಲು, ಒಳಗೆ ಹೋದ ಗಾಜ್ ತುಂಡುಗಳೆಲ್ಲ ಹೊರಗೆ ಬಂದವೇ ಎಂಬಂಥ ಪ್ರಶ್ನೆಗಳು. ಮಲ್ಪೆಯಲ್ಲಿ ದೋಣಿ ಬಿಡುವ ಮುನ್ನ ಡೀಸೆಲ್, ಮಂಜುಗಡ್ಡೆ, ಬಲೆ ಎಂದು ದೋಣಿ ನಡೆಸುವ ತಾಂಡೇಲ ಒಂದೊಂದಾಗಿ ಕೇಳಿದರೆ ಯಾವ ಮೊಗವೀರನೂ ಮುಖ ಸಿಂಡರಿಸುವುದಿಲ್ಲ. ದೊಡ್ಡ ಡಾಕ್ಟರಿಗೆ ದಾದಿಯೊಬ್ಬಳು ಅದೇ ಪ್ರಶ್ನೆ ಕೇಳಿದರೆ ಏನಾಗುತ್ತದೆಂದು ಆಸ್ಪತ್ರೆಯಲ್ಲಿ ದುಡಿದ ಯಾರನ್ನಾದರೂ ವಿಚಾರಿಸಿ ನೋಡಿ.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕೆಂದರೆ ಅದೂ ಇದೆ. ಕರ್ನಾಟಕದ ತಾಲೂಕು ಮಟ್ಟದ ಒಂದು ಹೆರಿಗೆ ಕೇಂದ್ರದಲ್ಲಿ ಹೆರಿಗೆಯ ವೇಳೆ ಓದಿ ನೋಡುವ ಇಂಥದೇ ತಪಾಸಣೆಯ ಪಟ್ಟಿಯನ್ನು ಬಳಕೆಗೆ ತಂದಾಗ, ಮಾಡಲೇಬೇಕಾದ 29 ಕೆಲಸಗಳಲ್ಲಿ ಸರಾಸರಿ 10 ಮಾತ್ರ ಆಗುತ್ತಿದ್ದಲ್ಲಿ 25 ಆಗತೊಡಗಿದವು ಎಂದು 2012ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ. ಆದರೆ ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ತರಬೇತಿಯ ಜತೆಗೆ ಅದನ್ನೇ ಪರೀಕ್ಷಿಸಿದಾಗ ಕೆಲಸದ ರೀತಿ ಸುಧಾರಿಸಿತೇ ಹೊರತು ತಾಯಿ ಮಕ್ಕಳ ಸಾವು ಇಳಿಯಲಿಲ್ಲ. ನನ್ನ ವಾದಕ್ಕೆ ಅನುಕೂಲವಲ್ಲದ ಈ ಸಂಗತಿಯನ್ನು ಬಚ್ಚಿಡುವುದು ಸರಿಯಲ್ಲವೆಂದು ಹೇಳಿದ್ದೇನೆ. ಪಟ್ಟಿ ಓದುವವರೂ ಬೇಕು. ಓದಿದ ಮೇಲೆ ಕಪಾಟಿನಲ್ಲಿ ಔಷಧ, ನಲ್ಲಿಯಲ್ಲಿ ನೀರು, ಮುಂದಿನ ಆಸ್ಪತ್ರೆಗೆ ಸಾಗಿಸಲು ವಾಹನ ಇವೂ ಬೇಕು.

ಔಷಧ ಇದ್ದರೂ ಅದು ಸರಿಯಿರಬೇಕಷ್ಟೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಸಂಶಯ ಹೋದದ್ದು ಅವರಿಗೆ ಡ್ರಿಪ್ ಮೂಲಕ ಹಾಕಿದ ರಿಂಗರ್ಸ್ ಲ್ಯಾಕ್ಟೇಟ್ ಎಂಬ ದ್ರಾವಣದ ಗುಣಮಟ್ಟದ ಮೇಲೆ. ಬಾಟಲಿ ಏರಿಸಿದ ದಾದಿಯನ್ನು ಜೈಲಿಗೆ ಹಾಕಿದ್ದರೆ ಅಲ್ಲಿ ಏನು ಸಾಧಿಸಿದಂತಾಗುತ್ತಿತ್ತು? ಹಾಗೆಯೇ ಪೊಟ್ಯಾಸಿಯಂ ಕ್ಲೋರೈಡಿನ ಸಾಂದ್ರ ದ್ರಾವಣ ತೆಳುಗೊಳಿಸದೆ ನೇರ ರಕ್ತನಾಳಕ್ಕೆ ಹೋದರೆ ಹೃದಯ ನಿಲ್ಲಬಹುದು. ಅದನ್ನು ವಾರ್ಡಿನ ಕಪಾಟಿನಲ್ಲಿ ಇತರ ಸೀಸೆಗಳ ಜತೆ ಇಡಬಾರದೆಂದು ಬಲ್ಲವರು ಹೇಳುತ್ತಲೇ ಬಂದಿದ್ದಾರೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳ ಆಸ್ಪತ್ರೆಗಳಲ್ಲಿ ಅಸುರಕ್ಷಿತ ಆರೈಕೆಯಿಂದ ವರ್ಷಕ್ಕೆ 13.4 ಕೋಟಿ ಅವಘಡಗಳು ಸಂಭವಿಸುತ್ತವೆ, 26 ಲಕ್ಷ ಸಾವುಗಳಿಗೆ ಅವು ಕಾರಣವಾಗುತ್ತವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಷ್ಟು ಮಂದಿ ಕಟುಕರು ಬಿಳಿ ಬಟ್ಟೆ ತೊಟ್ಟು ಓಡಾಡುತ್ತಿದ್ದಾರೆಂದು ನಾನಂತೂ ನಂಬಲಾರೆ.

ಇನ್ನು ಭಾಷೆ. ನೀವು ಈ ಮಾತನ್ನು ನಿರೀಕ್ಷಿಸಿಯೇ ಇರುತ್ತೀರಿ. ಮಂಗಳೂರಿನ ವೆನ್‌ಲಾಕ್ ಸರಕಾರಿ ಆಸ್ಪತ್ರೆಗೆ ಕಾಸರಗೋಡು, ಕೊಡಗು, ಚಿಕ್ಕಮಗಳೂರುಗಳಿಂದಲೂ ಜನ ಬರುತ್ತಾರೆ. ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕನ್ನಡ ಎಲ್ಲವೂ ಅದರ ವರಾಂಡದಲ್ಲಿ ಕೇಳಿಬರುತ್ತವೆ. ಇಂಥ ನಾಡಿನಲ್ಲಿ ಔಷಧದ ಚೀಟಿ, ಒಪ್ಪಿಗೆ ಪತ್ರ, ಮನೆಗೆ ಕಳಿಸುವಾಗ ಕೊಡುವ ಹಾಳೆ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತವೆ, ಅದೂ ಇರುವೆ ಸಾಲಿನಂಥ ಕೈಬರಹದಲ್ಲಿ. ಔಷಧದ ಹೆಸರನ್ನು ಸ್ಫುಟವಾಗಿ, ಆದಷ್ಟು ದೊಡ್ಡಕ್ಷರದಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮವನ್ನೇ ತಿದ್ದಿತು. ನಿಮ್ಮ ಮನೆಯಲ್ಲಿರುವ ಚೀಟಿಯನ್ನು ತೆಗೆದು ನೋಡಿ. ಎರಡನೆಯ ಕಣ್ಣಾಗಬೇಕಾದ ರೋಗಿಯ ಮಗಳಿಗೆ ಓದಲು ಬಾರದಂತೆ ಎಲ್ಲವನ್ನೂ ಬರೆದಿಟ್ಟು, ಬಳಿಕ ಯಾರೂ ಗಮನಿಸಲಿಲ್ಲವೆಂದು ಹಳಹಳಿಸುತ್ತೇವೆ. ಹೊಸ ಕಟ್ಟಡದ ಉದ್ಘಾಟನೆಯ ಶಿಲಾಫಲಕವೊಂದನ್ನು ಮಾತ್ರ ಸ್ವಚ್ಛ ಕನ್ನಡದಲ್ಲಿ, ಗಾರೆಯವನೂ ಓದುವಂತೆ ಕೆತ್ತಿಸುತ್ತೇವೆ.

ಧೈರ್ಯದ ಬಗ್ಗೆ ಕೇಳಿದಿರಿ. ನಿಮ್ಮ ಪತ್ರವನ್ನು ಪೂರ್ತಿಯಾಗಿ ಬೇರೆ ಪುಟದಲ್ಲಿ ಅಚ್ಚು ಹಾಕಿದ್ದೇವೆ. ನೀವು ಎರಡು ಬಾರಿ ಅಡಿಗೆರೆ ಎಳೆದು ಬರೆದಿದ್ದ ಆ ದಾದಿಯ ಹೆಸರನ್ನು ಮಾತ್ರ ನಾನೇ ತೆಗೆದಿದ್ದೇನೆ. ದೊಡ್ಡಮ್ಮ ಈಗ ಚೇತರಿಸಿಕೊಂಡಿದ್ದರೆ ಅವರನ್ನು ಒಂದು ಮಾತು ಕೇಳಿ ತಿಳಿಸಿ: ಆ ರಾತ್ರಿ ಸೂಜಿ ಚುಚ್ಚುವ ಮೊದಲು ಸಿಸ್ಟರ್ ಏನೆಂದು ಕೇಳಿದರು, ತಾವು ಏನೆಂದು ಉತ್ತರಿಸಿದರು?