ಸೆನ್ಸರ್ ಬದಲಿಸುವ ಮುಂಚೆ ಒಂದು ರಾತ್ರಿ ಕಾಯಿರಿ

ಪ್ರಶ್ನೆ: ನನ್ನದು ಡೀಸೆಲ್ ಕಾರು. ಎರಡು ವಾರದಿಂದ ಚೆಕ್ ಎಂಜಿನ್ ಲೈಟ್ ಹತ್ತಿಕೊಂಡೇ ಇದೆ. ಸ್ಕ್ಯಾನ್ ಮಾಡಿಸಿದರೆ ಪಿ0546 ಕೋಡ್ ಬಂತು. ಎಕ್ಸಾಸ್ಟ್ ಟೆಂಪರೇಚರ್ ಸೆನ್ಸರ್ ಹೋಗಿದೆ, ಹೊಸದು ಹಾಕಿ ಅನ್ನುತ್ತಾರೆ. ಆದರೆ ಆರು ತಿಂಗಳ ಹಿಂದೆ ಇದೇ ಕೋಡ್ ಬಂದಾಗ ಹೊಸದು ಹಾಕಿಸಿದ್ದೆ. ಗಾಡಿ ಚೆನ್ನಾಗೇ ಓಡುತ್ತಿದೆ. ಹಾಗೇ ಬಿಟ್ಟರೆ ಆಗಲ್ವಾ?

ಉತ್ತರ: ದಯವಿಟ್ಟು ಬಿಡಬೇಡಿ. ಡಿಪಿಎಫ್‌ನಲ್ಲಿ (ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್) ಕೂತ ಮಸಿಯನ್ನು ಸುಡಲು ಸುಮಾರು 600 ಡಿಗ್ರಿ ಬಿಸಿ ಬೇಕು. ಆ ಬಿಸಿಯನ್ನು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಅಳೆಯುವುದು ಈ ಸೆನ್ಸರ್‌ಗಳಿಂದಲೇ. ರೀಡಿಂಗ್ ನಂಬುವ ಹಾಗಿಲ್ಲ ಅನ್ನಿಸಿದರೆ ಸಾಮಾನ್ಯವಾಗಿ ಅದು ಸುಡುವ ಕೆಲಸವನ್ನೇ ನಿಲ್ಲಿಸುತ್ತದೆ, ಮಸಿ ತುಂಬುತ್ತಾ ಹೋಗುತ್ತದೆ, ಕೊನೆಗೊಂದು ದಿನ ಗಾಡಿ ಲಿಂಪ್ ಮೋಡ್‌ಗೆ (ಎಂಜಿನ್ ಉಳಿಸಲು ಶಕ್ತಿ ತಗ್ಗಿಸುವ ಸ್ಥಿತಿ) ಹೋಗಿ ಎಳೆಯುವುದೇ ಇಲ್ಲ. ಆಗ ಸೆನ್ಸರ್ ಜೊತೆ ಡಿಪಿಎಫ್ ಖರ್ಚೂ ತಲೆ ಮೇಲೆ ಬರುತ್ತದೆ.

ಹಾಗಂತ ಸುಮ್ನೆ ಇನ್ನೊಂದು ಸೆನ್ಸರ್ ಕೊಳ್ಳಲೂ ಬೇಡಿ. ಪಿ0546 ಅಂದರೆ ಆ ಸರ್ಕ್ಯೂಟ್‌ನಲ್ಲಿ ವೋಲ್ಟೇಜ್ ಜಾಸ್ತಿ ಇದೆ ಅಂತ ಅಷ್ಟೇ, ಸೆನ್ಸರೇ ಕೆಟ್ಟಿದೆ ಅಂತ ಅಲ್ಲ. ಎಲ್ಲೋ ವೈರ್ ತುಂಡಾಗಿದ್ದರೂ, ಕನೆಕ್ಟರ್ ಪಿನ್ ಸಡಿಲವಾಗಿದ್ದರೂ ಇದೇ ಕೋಡ್ ಬರುತ್ತದೆ. ಇನ್ನೊಂದು ವಿಷಯ, ಡೀಸೆಲ್ ಗಾಡಿಯಲ್ಲಿ ಇಂಥ ಸೆನ್ಸರ್ ಎರಡು, ಮೂರು, ಕೆಲವೊಮ್ಮೆ ನಾಲ್ಕೂ ಇರುತ್ತವೆ. ಪಿ0546 ಹೇಳುವುದು ಬ್ಯಾಂಕ್ 1ರ (ಒಂದನೇ ಸಿಲಿಂಡರ್ ಇರುವ ಸಾಲಿನ) ಮೊದಲನೆಯದನ್ನು. ಹೋದ ಸಲ ಬದಲಿಸಿದ್ದು ಅದನ್ನೇನಾ ಅಂತ ಮೊದಲು ಕೇಳಿ.

ಆಮೇಲೆ ಗಾಡಿಯನ್ನು ರಾತ್ರಿಯಿಡೀ ನಿಲ್ಲಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡದೆ, ಇಗ್ನಿಷನ್ ಮಾತ್ರ ಆನ್ ಮಾಡಿ ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ (ಸೆನ್ಸರ್‌ಗಳ ಆ ಕ್ಷಣದ ರೀಡಿಂಗ್) ನೋಡಿ. ಕೂಲಂಟ್, ಒಳಗೆ ಬರುವ ಗಾಳಿ, ಎಲ್ಲಾ ಎಕ್ಸಾಸ್ಟ್ ಸೆನ್ಸರ್‌ಗಳು ಹೆಚ್ಚುಕಡಿಮೆ ಹೊರಗಿನ ಹವೆಯ ಬಿಸಿಯನ್ನೇ ತೋರಿಸಬೇಕು. ಉಳಿದವೆಲ್ಲ 25 ತೋರಿಸುವಾಗ ಒಂದು ಮಾತ್ರ 900 ಅಂದರೆ ತೊಂದರೆ ಯಾವುದರ ಸಾಲಿನಲ್ಲಿ ಅಂತ ಗೊತ್ತಾಯಿತಲ್ವಾ?

ಈಗ ಅದರ ಕನೆಕ್ಟರ್ ಬಿಚ್ಚಿ. ಎರಡೇ ವೈರ್ ಇರುವ ಸೆನ್ಸರ್ ಆದರೆ, ಗಾಡಿಯ ಕಡೆಯ ಎರಡು ಪಿನ್‌ಗಳನ್ನು ಸಣ್ಣ ತಂತಿಯಿಂದ ಸೇರಿಸಿ. ರೀಡಿಂಗ್ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರಿದರೆ ಆ ಪಿನ್‌ನಿಂದ ಇಸಿಯುವರೆಗೂ ಸರಿಯಿದೆ, ತಪ್ಪು ಸೆನ್ಸರ್ ಅಥವಾ ಅದರ ಬಾಲದ ವೈರ್‌ನದು. ರೀಡಿಂಗ್ ಅಲ್ಲಾಡದಿದ್ದರೆ ತಪ್ಪನ್ನು ವೈರಿಂಗ್‌ನಲ್ಲಿ ಹುಡುಕಿ. ಮೂರು ನಾಲ್ಕು ವೈರ್ ಇದ್ದರೆ ಈ ಕೆಲಸ ಮಾಡಬೇಡಿ, ಅದರೊಳಗೆ ಎಲೆಕ್ಟ್ರಾನಿಕ್ಸ್ ಇರಬಹುದು.

ಸೆನ್ಸರ್ ಕಡೆ ಮಲ್ಟಿಮೀಟರ್ ಹಿಡಿದು ಓಮ್ಸ್ ನೋಡಿ. ಪ್ಲಾಟಿನಮ್‌ನ ಪಿಟಿ200 ಆದರೆ 25 ಡಿಗ್ರಿಯಲ್ಲಿ ಸುಮಾರು 220 ಓಮ್ ಬರಬೇಕು, ಬಿಸಿಯಾದಂತೆ ಏರಬೇಕು. ಎನ್‌ಟಿಸಿ ಆದರೆ ತಣ್ಣಗಿದ್ದಾಗ ತುಂಬಾ ಜಾಸ್ತಿ ಇದ್ದು ಬಿಸಿಗೆ ಇಳಿಯುತ್ತದೆ, ಮೀಟರ್ ಏನೂ ತೋರಿಸಲಿಲ್ಲ ಅಂತ ಅದನ್ನು ಬಿಸಾಡಬೇಡಿ. ಯಾವ ಜಾತಿಯದು ಅಂತ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ.

ಆರೇ ತಿಂಗಳಲ್ಲಿ ಅದೇ ಕೋಡ್ ಬಂದಿರುವುದರಿಂದ ನನ್ನ ಅನುಮಾನವೆಲ್ಲ ವೈರ್ ಮೇಲೆ. ಟರ್ಬೊ ಹತ್ತಿರ ಕ್ಲಿಪ್ ಮುರಿದು ವೈರ್ ಪೈಪಿಗೆ ತಾಗಿದ್ದರೆ ಮೇಲಿನ ಹೊದಿಕೆ ಕಂದು ಬಣ್ಣಕ್ಕೆ ತಿರುಗಿ, ಗರಿಗರಿಯಾಗಿ, ಬೆರಳಿಂದ ಒತ್ತಿದರೆ ಪುಡಿಯಾಗುತ್ತದೆ. ಕನೆಕ್ಟರ್ ಒಳಗೆ ಹಸಿರು ಕಿಲುಬು ಇದೆಯಾ ಅಂತಲೂ ಟಾರ್ಚ್ ಬಿಟ್ಟು ನೋಡಿ. ಎಂಜಿನ್ ಐಡಲ್‌ನಲ್ಲಿದ್ದಾಗ ಲೈವ್ ಡೇಟಾ ನೋಡುತ್ತಾ ಒಬ್ಬರು ಬಿಸಿ ಪೈಪಿಗೆ ಕೈ ತಾಗದಂತೆ ವೈರನ್ನು ಮೆಲ್ಲಗೆ ಅಲ್ಲಾಡಿಸಲಿ. ಅಂಕಿ ದಿಢೀರ್ ಅಂತ ಜಿಗಿದ ಜಾಗದಲ್ಲೇ ಕಳ್ಳ ಇದ್ದಾನೆ.

ಪ್ರಶ್ನೆ: ಸೆನ್ಸರ್ ಕೆಟ್ಟಿರುವುದು ಖಚಿತವಾಗಿದೆ, ಆದರೆ ಬಿಚ್ಚಲು ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಬಲ ಹಾಕಬೇಡಿ, ಪೈಪಿನ ಥ್ರೆಡ್ಡೇ ಕಿತ್ತು ಬಂದೀತು. ಎಂಜಿನ್ ತಣ್ಣಗಿರುವಾಗ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಒಂದು ರಾತ್ರಿ ಬಿಡಿ. ಮರುದಿನ ಪೈಪ್ ಸ್ವಲ್ಪ ಬೆಚ್ಚಗಿರುವಾಗ ಕೈಗವಸು ಹಾಕಿಕೊಂಡು, ವೈರ್ ತೂರಲು ಸೀಳು ಇರುವ ಸಾಕೆಟ್‌ನಿಂದ ಹಿಂದೆ ಮುಂದೆ ತಿರುಗಿಸುತ್ತಾ ಬಿಚ್ಚಿ. ಹೊಸದಕ್ಕೆ ಆಂಟಿಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಹಚ್ಚುವುದಾದರೆ ಥ್ರೆಡ್‌ಗೆ ಮಾತ್ರ, ತುದಿಗೆ ತಾಗಬಾರದು.