ಬುರುಜಿಲ್ಲದ ಬೆಟ್ಟದ ಕೋಟೆ

ಪ್ರಶ್ನೆ: ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದಲ್ಲಿರುವ ಮಗಳ ಮನೆಗೆ ಹೋಗಲಿದ್ದೇನೆ. ಅಲ್ಲಿನ ಮೇಡನ್ ಕ್ಯಾಸಲ್ ಎಂಬ ಪುರಾತನ ಕೋಟೆಯಲ್ಲಿ ನಮ್ಮ ಚಿತ್ರದುರ್ಗದಂತೆ ಬುರುಜು, ಬತೇರಿಗಳು ಉಳಿದಿವೆಯೇ?
– ಓದುಗರೊಬ್ಬರು, ಹಿರಿಯೂರು

ಉತ್ತರ: ಒಂದೂ ಇಲ್ಲ, ಆದರೂ ತಪ್ಪದೇ ನೋಡಿ. ಕ್ರಿ.ಪೂ. 600ರ ಸುಮಾರಿಗೆ ಕಬ್ಬಿಣಯುಗದ ಜನರು ಕಟ್ಟಿ, ಒಂದೂವರೆ ಶತಮಾನದ ಬಳಿಕ ಸುಮಾರು 19 ಹೆಕ್ಟೇರಿಗೆ ವಿಸ್ತರಿಸಿದ ಈ ಕೋಟೆಯೆಂದರೆ ಒಂದರ ಹಿಂದೊಂದು ಬೆಟ್ಟವನ್ನು ಬಳಸಿ ನಿಂತ ದಿಬ್ಬಗಳು ಮತ್ತು ಅವುಗಳ ನಡುವಿನ ಆಳವಾದ ಕಂದಕಗಳು. ಈಗ ಹಸಿರು ಹೊದ್ದಿರುವ ಈ ದಿಬ್ಬಗಳು, ಅಗೆದು ಹಾಕಿದ ಸೀಮೆಸುಣ್ಣದ ಬಿಳುಪು ಮಾಸುವ ಮುನ್ನ, ದೂರದಿಂದಲೇ ಕಣ್ಣು ಕುಕ್ಕುತ್ತಿದ್ದಿರಬೇಕು.

ಆ ನೆಲವೇ ಸೀಮೆಸುಣ್ಣ. ಡೈನೋಸಾರುಗಳ ಕಾಲದ ಸಮುದ್ರತಳದಲ್ಲಿ ಸೂಕ್ಷ್ಮ ಪಾಚಿಗಳ ಸುಣ್ಣದ ಕವಚಗಳು ಶೇಖರವಾಗಿ ಆದದ್ದು. ಮಳೆನೀರು ಬೇಗ ಇಂಗುತ್ತದೆ, ಕುರಿಗಳು ಮೇದು ಹುಲ್ಲನ್ನು ಗಿಡ್ಡವಾಗಿಯೇ ಇಡುತ್ತವೆ. ಆದರೆ ಹುಲ್ಲು ಸವೆದ ಕಾಲುದಾರಿ ನೆನೆದರೆ ಸಾಬೂನಿನಂತೆ ಜಾರುತ್ತದೆಯಾದ್ದರಿಂದ ಚಪ್ಪಲಿಯನ್ನು ಮನೆಯಲ್ಲೇ ಬಿಡಿ.

ಪೂರ್ವದ ಬಾಗಿಲಲ್ಲಿ ತುಸು ಹೊತ್ತು ನಿಲ್ಲಿ. ಕಡಲತೀರದಿಂದ ಹೊತ್ತು ತಂದು ಕೂಡಿಟ್ಟಿದ್ದ 20,000ಕ್ಕೂ ಹೆಚ್ಚು ನುಣುಪಾದ ಕವಣೆಕಲ್ಲುಗಳು ಅಲ್ಲಿ ಸಿಕ್ಕವು. 1934ರಿಂದ 1937ರವರೆಗೆ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್, ಅಲ್ಲಿನ ಅಸ್ಥಿಪಂಜರಗಳನ್ನು ಕಂಡು ರೋಮನ್ನರ ದಾಳಿಯ ಕಥೆಯನ್ನು ಹೆಣೆದರು. ಇಂದಿನ ವಿದ್ವಾಂಸರು ಅದನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಅಂದಹಾಗೆ, 1947ರಲ್ಲಿ ನಿಮ್ಮದೇ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆಸಿದವರೂ ಇದೇ ವೀಲರ್.